ಪರದೇಶಿ ಕೋವಿ
ಅಮೆರಿಕದಲ್ಲಿ ಸೇನೆಯ ಹಳೇ ಕಾರ್ಬೈನನ್ನು ಅಂಗಡಿಯಲ್ಲೇ ಕೊಳ್ಳಬಹುದು ಅಂದ್ರೆ ನಮ್ಮ ಟೀಮಿನ ಹುಡುಗರು ಬಾಯಿ ಬಿಡ್ತಾರೆ. ನಮ್ಮಲ್ಲಿ .303 ಕೂಡ ಸಾಮಾನ್ಯರಿಗೆ ನಿಷಿದ್ಧ. ಆದರೆ ನಮ್ಮ ಅರೇಹಳ್ಳಿ ಕಡೆಯ ಕಾಫಿ ತೋಟದ ಮನೆಗಳಲ್ಲಿ ಇಂಗ್ಲೆಂಡಿನ ಜೋಡುನಳಿಗೆ ಕೋವಿಗಳಿವೆ. 1980ರ ದಶಕದಲ್ಲಿ ಆಮದು ನಿಂತ ಮೇಲೆ ಅವು ಕೈಯಿಂದ ಕೈಗೆ ದಾಟುತ್ತಿವೆ, ಅಷ್ಟೆ.

ಕೊಳ್ಳುವವರು ಮೊದಲು ನೋಡೋದು ನಂಬರು. ಲೈಸೆನ್ಸಿನಲ್ಲಿರುವುದೇ ಕೋವಿಯ ಮೇಲೂ ಇರಬೇಕು. ತೋಟೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕೋವಿ ಮಡಚಿ, ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ತುಕ್ಕು ಕಾಣುತ್ತೆ. ನಳಿಗೆ ಬಿಚ್ಚಿ, ತೂಗುಹಾಕಿ, ಬೆರಳಲ್ಲಿ ತಟ್ಟಿದರೆ ಗಂಟೆಯ ಥರ ದನಿ ಬರಬೇಕು. ದಬ್ ಅಂದರೆ ಬೆಸುಗೆ ಬಿಟ್ಟಿದೆ ಅಂತ. ಕೊನೆಗೆ ಬರ್ಮಿಂಗ್‌ಹ್ಯಾಮಿನದೋ ಲಂಡನ್ನಿನದೋ ಪರೀಕ್ಷೆಯ ಮುದ್ರೆ. ಕರಿಮದ್ದಿಗಷ್ಟೇ ಪಾಸಾದ ನಳಿಗೆಗೆ ಈಗಿನ ತೋಟೆ ಹಾಕಿದರೆ ಸಿಡಿಯಬಹುದು.

ಅಪ್ಪನಿಗೀಗ 70. ಆ ವಯಸ್ಸಾದ ಮೇಲೆ ಲೈಸೆನ್ಸನ್ನು ವಾರಸುದಾರರಿಗೆ ಕೊಡಿಸಲು 2016ರ ನಿಯಮದಲ್ಲಿ ದಾರಿಯಿದೆ. ‘ನಿನ್ ಹೆಸರಿಗೆ ಮಾಡ್ಸೋ, ಇಲ್ದಿದ್ರೆ ಮಾರ್ಬಿಡ್ತೀನಿ’ ಅಂತಾರೆ. ಒಬ್ಬರು ಗಿರಾಕಿ ಬಂದು ತಟ್ಟಿ ನೋಡಿಯೂ ಹೋದರು. ಗಂಟೆಯ ದನಿಯೇ ಬಂತು. ಆದರೆ ಅದು ಬೆಳೆ ಕಾಯೋದಕ್ಕೆ ಕೊಟ್ಟ ಲೈಸೆನ್ಸು. ನಾನಿರೋದು ಬೆಂಗಳೂರಿನ ಮೂರನೇ ಮಹಡಿಯಲ್ಲಿ. ಅರ್ಜಿ ಇನ್ನೂ ತುಂಬಿಲ್ಲ.