ಅಪ್ಪಯ್ಯನ ಜೀಪಿಗೆ ಹೊಸ ಬ್ರೇಕು

ನನ್ನಿಂದ ವಿಜ್ಞಾನ ಕಲಿತವರಿಗೆ ನೆನಪಿರಬಹುದು: ಘರ್ಷಣೆಯ ಪಾಠ ಬಂದಾಗಲೆಲ್ಲ ಅಂಗೈಗಳನ್ನು ಉಜ್ಜಿ ಕೆನ್ನೆಗೆ ಒತ್ತಿಕೊಳ್ಳಲು ಹೇಳುತ್ತಿದ್ದೆ. "ಬ್ರೇಕು ಮಾಡುವುದೂ ಇಷ್ಟೇ, ಚಲನೆಯನ್ನು ಶಾಖವಾಗಿಸುತ್ತದೆ" ಎನ್ನುತ್ತಿದ್ದೆ. ಮೂವತ್ತು ವರ್ಷ ಹೀಗೆ ಬೋಧಿಸಿದವನು ಸ್ವಂತ ಮನೆಯ ಜೀಪಿನ ಬ್ರೇಕಿನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲವೆಂಬುದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಜೀಪೆಂದರೆ ಎತ್ತಿನ ಗಾಡಿಯ ಉತ್ತರಾಧಿಕಾರಿ. ಅಪ್ಪಯ್ಯ 1974ರಲ್ಲಿ ಕೊಂಡ ಜೀಪು ಗೊಬ್ಬರ, ಕಾಫಿ ಮೂಟೆ, ಹೆರಿಗೆಗೆ ಹೊರಟ ಹೆಂಗಸರು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿದೆ. ಅಪ್ಪಯ್ಯ ತೀರಿಕೊಂಡ ಮೇಲೂ ಅದರ ಒಂದು ಬೋಲ್ಟನ್ನೂ ಬದಲಿಸದೆ ಇಟ್ಟುಕೊಳ್ಳುವುದೇ ಪಿತೃಭಕ್ತಿಯೆಂದು ಅಣ್ಣಯ್ಯನೂ ನಾನೂ ಭಾವಿಸಿದ್ದೆವು.

2021ರ ಜುಲೈ ತಿಂಗಳ ಒಂದು ಸಂಜೆ, ಕಳೆ ತೆಗೆಯುವ ಕೆಲಸ ಮುಗಿಸಿದ ನಾಲ್ವರು ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಲೈನು ಮನೆಗಳ ಕಡೆಗೆ ಹೊರಟಿದ್ದೆ. ತುಂಬಿದ ಹಳ್ಳವನ್ನು ದಾಟಿದೊಡನೆ ಇಳಿಜಾರು. ಪೆಡಲು ಒತ್ತಿದೆ, ವೇಗ ತಗ್ಗಲಿಲ್ಲ. ಮತ್ತೆ ಒತ್ತಿದಾಗ ಎಡಗಡೆಯ ಚಕ್ರವೊಂದೇ ಹಿಡಿದು, ಜೀಪು ತಿರುಗಿ ದರೆಗೆ ಗುದ್ದಿ ನಿಂತಿತು. ಬಲಗಡೆ ಪ್ರಪಾತವಿತ್ತು. ಹಿಂದೆ ಕುಳಿತಿದ್ದ ಹಿರಿಯ ಹೆಂಗಸಿನ ಬಲಗೈ ಮಣಿಕಟ್ಟು ಮುರಿದಿತ್ತು. ನೋವಿನಲ್ಲಿಯೂ ಆಕೆ ಹೇಳಿದ್ದು, "ಹಳೇ ಗಾಡಿ ಮೇಷ್ಟ್ರೇ, ನೀವೇನ್ ಮಾಡಕ್ಕಾಗ್ತದೆ?" ಚಿಕಿತ್ಸೆಯ ಖರ್ಚನ್ನೂ ಕೈ ಕೂಡುವವರೆಗಿನ ಕೂಲಿಯನ್ನೂ ಕೊಟ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಮಾಡಬಹುದಾದದ್ದು ಇತ್ತು, ನಾನು ಮಾಡಿರಲಿಲ್ಲ.

ದೋಷ ಜೀಪಿನದಲ್ಲ. ಡ್ರಮ್ಮಿನೊಳಗೆ ನುಗ್ಗಿದ ನೀರು ಬೇಗ ಹೊರಬರುವುದಿಲ್ಲ, ಒದ್ದೆಯಾದ ಲೈನರು ಜಾರುತ್ತದೆ, ಯಾವ ಬದಿ ಮೊದಲು ಒಣಗುವುದೋ ಗಾಡಿ ಆ ಬದಿಗೆ ಎಳೆಯುತ್ತದೆ. ಉದ್ದನೆಯ ಘಟ್ಟ ಇಳಿಯುವಾಗಲಂತೂ ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಕೆಳಕ್ಕಿಳಿಯುತ್ತದೆ. ಅಪ್ಪಯ್ಯನಿಗೆ ಇದು ಗೊತ್ತಿತ್ತು. ಹಳ್ಳ ದಾಟಿದ ಮೇಲೆ ಆತ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಲೈನರುಗಳನ್ನು ಒಣಗಿಸುತ್ತಿದ್ದ. ಅಂದಿನ ಜಲ್ಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಮೀರುತ್ತಿರಲಿಲ್ಲ. ಇಂದು ಅದೇ ಹಾದಿಗೆ ಡಾಂಬರಾಗಿದೆ, ನಾನು 40ರಲ್ಲಿ ಇಳಿಯುತ್ತಿದ್ದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ!

ಡಿಸ್ಕ್ ಬ್ರೇಕು ಹಾಕಿಸೋಣವೆಂದಾಗ ಅಣ್ಣಯ್ಯ ಸಿಡುಕಿದ. "ಅಪ್ಪಯ್ಯನ ಜೀಪಿಗೆ ಬೇರೆ ಗಾಡಿ ಕಾಲು ಕಟ್ತೀಯೇನೋ?" ನಾನು ಉತ್ತರಿಸಲಿಲ್ಲ. ಬ್ಯಾಂಡೇಜು ಕಟ್ಟಿಸಿಕೊಂಡ ಆ ಹೆಂಗಸು ಅಂಗಳದಲ್ಲಿಯೇ ಕುಳಿತಿದ್ದಳು. ಆಕೆಯನ್ನು ನೋಡಿ ಆತನೂ ಸುಮ್ಮನಾದ.

ಕಾಯಿದೆಯ ತೊಡಕೂ ಇತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಆದ್ದರಿಂದ ಆರ್.ಟಿ.ಓ. ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಒಪ್ಪಿಗೆ ಪಡೆದ ಮೇಲೆಯೇ ಕೆಲಸ ಆರಂಭಿಸಿದೆ. ನೀವೂ ಹಾಗೆಯೇ ಮಾಡಿ.

ಕೆಲಸಕ್ಕೆ ಒಪ್ಪಿಕೊಂಡ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿಯೇ. "ಡಿಸ್ಕ್ ಕೂರಿಸೋದು ದೊಡ್ಡದಲ್ಲ ಸಾರ್, ಉಳಿದದ್ದನ್ನ ಅದಕ್ಕೆ ಒಗ್ಗಿಸೋದೇ ಕೆಲಸ" ಎಂದ. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗಷ್ಟೇ ಡಿಸ್ಕು ಸಾಕೆಂದು ತೀರ್ಮಾನವಾಯಿತು. ಹ್ಯಾಂಡ್ ಬ್ರೇಕು ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರತ್ಯೇಕವಾಗಿಯೇ ಇದ್ದುದರಿಂದ ಅದನ್ನು ಮುಟ್ಟಲಿಲ್ಲ. ಹಳೆಯ ಬ್ಯಾಕ್ ಪ್ಲೇಟು ಬಿಚ್ಚಿ, ಅದೇ ಆರು ಬೋಲ್ಟುಗಳಿಗೆ ಕ್ಯಾಲಿಪರ್ ಹಿಡಿಯುವ ದಪ್ಪ ಉಕ್ಕಿನ ಬ್ರಾಕೆಟ್ ಬಿಗಿದ. ಕ್ಯಾಲಿಪರು ರಿಮ್ಮಿಗೆ ತಾಗಿತು. ಬ್ರಾಕೆಟನ್ನು ಮತ್ತೊಮ್ಮೆ ಮಾಡಿಸಿದ.

ಮುಂದಿನದು ನನಗೂ ಪಾಠವಾಯಿತು. ಡ್ರಮ್ಮಿನಲ್ಲಿ ಚಕ್ರದ ತಿರುಗುವಿಕೆಯೇ ಒಂದು ಶೂವನ್ನು ಒಳಗೆಳೆದು ಬಿಗಿಗೊಳಿಸುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ, ಕಾಲಿನ ಬಲ ಹೆಚ್ಚು ಬೇಕು. ಅದಕ್ಕಾಗಿ ಬೂಸ್ಟರ್ ಅಳವಡಿಸಬೇಕಾಯಿತು. ಹಳೆಯ ಮಾಸ್ಟರ್ ಸಿಲಿಂಡರು ಡ್ರಮ್ಮಿಗೆಂದು ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಅಷ್ಟು ಒತ್ತಡ ಉಳಿದರೆ ಪ್ಯಾಡು ಉಜ್ಜುತ್ತಲೇ ಇದ್ದು ಕಾಯುತ್ತದೆ. ಅಲ್ಲದೆ ಅದು ಒಂದೇ ಕೊಠಡಿಯದು, ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆಯೇ. ಅದನ್ನು ತೆಗೆದು, ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ದಾರಿಯುಳ್ಳ ಸಿಲಿಂಡರು ಹಾಕಿದೆವು. ಡಿಸ್ಕಿಗಿಂತಲೂ ಇದೇ ದೊಡ್ಡ ಸುಧಾರಣೆಯೆಂದು ನನ್ನ ಅಭಿಪ್ರಾಯ. ಕೊನೆಗೆ ಪೈಪುಗಳಿಂದ ಗಾಳಿ ತೆಗೆಯುವಾಗ ಗಂಟೆಗಟ್ಟಲೆ ಪೆಡಲು ಒತ್ತಿದವನು ನಾನು, "ಒತ್ತಿ ಸಾರ್, ಹಿಡ್ಕೊಳ್ಳಿ ಸಾರ್" ಎಂದು ಆಜ್ಞಾಪಿಸಿದವನು ಶಿಷ್ಯ.

2022ರ ಮಳೆಗಾಲದಲ್ಲಿ ಖಾಲಿ ಜೀಪಿನಲ್ಲಿ ನಾವಿಬ್ಬರೇ ಅದೇ ಹಳ್ಳ ದಾಟಿ ಪರೀಕ್ಷಿಸಿದೆವು. ಬಯಲಿನಲ್ಲಿ ತಿರುಗುವ ತಟ್ಟೆ ನೀರನ್ನು ಸಿಡಿಸಿಬಿಡುತ್ತದೆ. ಜೀಪು ನೇರವಾಗಿ ನಿಂತಿತು. ಹಳೆಯ ಡ್ರಮ್ಮುಗಳನ್ನು ಅಣ್ಣಯ್ಯ ಎಣ್ಣೆ ಸವರಿ ಅಟ್ಟದಲ್ಲಿಟ್ಟಿದ್ದಾನೆ.

ಆ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಆ ಹೆಂಗಸು ಮತ್ತೆ ಜೀಪು ಹತ್ತಿದಳು, ಎಡಗೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು. ಹೊಸ ಬ್ರೇಕಿನ ಗುಣಗಾನವನ್ನು ಅವಳೆದುರು ಮಾಡುವ ಧೈರ್ಯ ನನಗಾಗಲಿಲ್ಲ. "ಇಳುಕಲಲ್ಲಿ ಗೇರು ಹಿಡೀಬೇಕು, ಬ್ರೇಕು ನಿಲ್ಲಿಸಬೇಕು" ಎಂದು ಅಪ್ಪಯ್ಯ ಹೇಳುತ್ತಿದ್ದ. ಎರಡನೆಯ ಗೇರಿಗೆ ಹಾಕಿ, ನಿಧಾನವಾಗಿ ಇಳಿದೆ. ಅಪ್ಪಯ್ಯನಿಂದ ಉಳಿಸಿಕೊಳ್ಳಬೇಕಾದದ್ದು ಅವನ ಡ್ರಮ್ಮುಗಳನ್ನಲ್ಲ, ಈ ಎಚ್ಚರವನ್ನು. ಅರ್ಧ ದಾರಿಯಲ್ಲಿ ಕನ್ನಡಿಯಲ್ಲಿ ನೋಡಿದೆ. ಆಕೆ ಕಂಬಿಯಿಂದ ಕೈ ತೆಗೆದು ಎಲೆ ಅಡಿಕೆ ಸಂಚಿ ಬಿಚ್ಚುತ್ತಿದ್ದಳು.