ಕಾಲು ತೆಗೆದ ಮೇಲೆ

ಕಾರಿನ ಬಗ್ಗೆ ಬರೆಯೋಕೆ ಇವರ್ಯಾರು ಅಂತ ಗೆಳೆಯರು ಕೇಳಬಹುದು. ನಮ್ಮ ಹೆಸರಿನಲ್ಲಿ ಒಂದು ಸೈಕಲ್ಲೂ ಇಲ್ಲ, ನಿಜ. ಆದರೆ ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿ ಹುಟ್ಟಿದ ನಾವು ಕಾರು ತೊಳೆದೇ ದೊಡ್ಡವರಾದವರು. ಭಾನುವಾರ ಬಂತೆಂದರೆ ಬಕೆಟ್ಟು, ಹರಿದ ಬನಿಯನ್ನು, ಸಾಹುಕಾರರ ಶೆಡ್ಡು. ಅಪ್ಪ ಅಲ್ಲಿ ಡ್ರೈವರು.

ಶೆಡ್ಡಿನಲ್ಲಿ ಎರಡು ಗಾಡಿ. ಒಂದು ಮಹೀಂದ್ರ ಜೀಪು. ಆಳನ್ನೂ ಗೊಬ್ಬರವನ್ನೂ ಭೇದವಿಲ್ಲದೆ ಹೊರುವಂಥದ್ದು. ಇನ್ನೊಂದು ಸಾಹುಕಾರರ ತಂದೆ ಕಾಲದ ಬೆಂಜ್, 300ಡಿ. ಜರ್ಮನಿಯವರು 1976ರಲ್ಲಿ ಹೊರಬಿಟ್ಟು, ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ಮಾಡಿದ ಡಬ್ಲ್ಯು 123 ಎಂಬ ಮಾದರಿ. ಒಂದೂವರೆ ಟನ್ನಿಗೆ ಹತ್ತಿರದ ತೂಕ. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತೆ. ಮದುವೆ, ಆಸ್ಪತ್ರೆ, ಮಂಗಳೂರು, ಇಷ್ಟಕ್ಕೇ ಅದು ಹೊರಗೆ ಬರೋದು.

ಜೀಪಿನ ಆಕ್ಸಿಲೇಟರಿನಿಂದ ಕಾಲು ತೆಗೆದರೆ ಇಂಜಿನ್ನು ಚಕ್ರವನ್ನ ಹಿಡ್ಕೊಳ್ತದೆ. ಸೆಕೆಂಡ್ ಗೇರಿನಲ್ಲಿದ್ದರೆ ಘಾಟಿಯಲ್ಲಿ ಬ್ರೇಕಿಗೆ ಅರ್ಧ ಕೆಲಸ ಕಮ್ಮಿ. ಇಪ್ಪತ್ತು ವರ್ಷ ಅಪ್ಪನ ಬಲಗಾಲು ಕಲಿತದ್ದು ಇದೊಂದನ್ನೇ: ಕಾಲು ತೆಗೆದರೆ ಗಾಡಿ ಮಾತು ಕೇಳುತ್ತೆ. ಬೆಂಜ್ ಕೇಳುತ್ತಿರಲಿಲ್ಲ. ಕಾಲು ತೆಗೆದರೆ ಇಂಜಿನ್ನಿನ ಸದ್ದು ಇಳಿಯೋದು, ಓಟ ಇಳಿಯುತ್ತಿರಲಿಲ್ಲ. ತುಂಬಿದ ಹೊಳೆಯಲ್ಲಿ ದೋಣಿ ಹೋದ ಹಾಗೆ ಅಲುಗದೆ ಕುಲುಕದೆ ಮುಂದಕ್ಕೆ ಹೋಗೋದು. ಹಿಂದೆ ಕೂತವರಿಗೆ ಅದೇ ಸುಖ.

2010ರಲ್ಲಿ ಮಂಗಳೂರಿಗೆ ಒಂದು ಮದುವೆ. ಆಗ ನಾವು ಎಂಟನೇ ಕ್ಲಾಸು. ಹಣ್ಣಿನ ಬುಟ್ಟಿ ಹಿಡಿಯೋಕೆ ಅಂತ ನಮ್ಮನ್ನ ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅಪ್ಪ ಜೀಪಿನ ಅಭ್ಯಾಸದಲ್ಲಿ ತಿರುವಿಗೆ ಮೊದಲೇ ಕಾಲು ತೆಗೆದ. ಕಾರು ಹಿಡೀಲಿಲ್ಲ. ಬ್ರೇಕ್ ಒತ್ತಿದ. ಮುಂದಿನ ತಿರುವಿಗೆ ಮತ್ತೆ ಒತ್ತಿದ. ಅರ್ಧ ಘಾಟಿ ಇಳಿಯೋದರೊಳಗೆ ಸುಟ್ಟ ವಾಸನೆ. ರಸ್ತೆ ಬದಿಗೆ ನಿಲ್ಲಿಸಿದಾಗ ಅಪ್ಪನ ಮೊಣಕಾಲು ನಡುಗುತ್ತಿದ್ದದ್ದು ನಮಗೆ ಕಾಣಿಸಿತು. ಹಿಂದಿನ ಸೀಟಿಗೆ ಕಾಣಿಸಲಿಲ್ಲ.

'ಜೀಪ್ ತುಳಿಯೋ ಕಾಲಿಗೆ ಬೆಂಜ್ ಗೊತ್ತಾಗ್ತದೇನೋ?' ಅಂದರು ಸಾಹುಕಾರರು, ನೆಂಟರೆಲ್ಲ ಇದ್ದಾಗ. ಬ್ರೇಕ್ ಪ್ಯಾಡಿನ ದುಡ್ಡನ್ನ ಆ ತಿಂಗಳ ಸಂಬಳದಲ್ಲಿ ಮುರ್ಕೊಂಡರು.

ಮುಂದಿನ ಭಾನುವಾರ ಕಾರು ಒರೆಸುವಾಗ ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಒಂದು ಪುಸ್ತಕ ಸಿಕ್ಕಿತು. ಇಂಗ್ಲಿಷು. ಅಷ್ಟು ವರ್ಷ ಅದು ಅಪ್ಪನ ಮೊಣಕಾಲಿಗೆ ಒಂದು ಮೊಳ ದೂರದಲ್ಲೇ ಇತ್ತು. ಯಾರೂ ತೆಗೆದು ಹೇಳಿರಲಿಲ್ಲ. ಬನಿಯನ್ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆವು. (ಕದ್ದದ್ದು ಅಂತಲೇ ಬರಕೊಳ್ಳಿ, ಬೇಜಾರಿಲ್ಲ.) ಸ್ಕೂಲಿನ ಡಿಕ್ಷನರಿ ಇಟ್ಟುಕೊಂಡು ಮೂರು ರಾತ್ರಿ ಕೂತೆವು. ಉದ್ದ ಇಳಿಜಾರಿನಲ್ಲಿ ಗೇರಿನ ಕಡ್ಡಿಯನ್ನ 'ಡಿ'ಯಿಂದ ಕೆಳಗಿನ ಮನೆಗೆ ಎಳೀಬೇಕು, ಆಗ ಇಂಜಿನ್ನು ಹಿಡ್ಕೊಳ್ತದೆ. ಇಷ್ಟೇ ಇದ್ದದ್ದು. ಅಪ್ಪ ಕೇಳಿಸ್ಕೊಂಡು ಬೀಡಿ ಹಚ್ಚಿದ. 'ಇದನ್ನ ಓದಕ್ಕೆ ನೀವು ಹುಟ್ಬೇಕಾಯ್ತಲ್ಲ ಮಕ್ಳಾ' ಅಂದ.

ಯಾಕೆ ಹೀಗೆ ಅನ್ನೋದು ತಿಳಿದದ್ದು ಡಿಗ್ರಿಗೆ ಬಂದು ಲೈಬ್ರರಿ ಕಂಡ ಮೇಲೆ. ಈ ಹಳೇ ಆಟೋಮ್ಯಾಟಿಕ್ಕುಗಳಲ್ಲಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಕಬ್ಬಿಣದ ಕೊಂಡಿ ಇರೋದಿಲ್ಲ. ಎಣ್ಣೆಯೊಳಗೆ ಎದುರುಬದುರು ಕೂತ ಎರಡು ಫ್ಯಾನು ಅಂದುಕೊಳ್ಳಿ. ಇಂಜಿನ್ನು ಒಂದನ್ನ ತಿರುಗಿಸುತ್ತೆ, ಚಿಮ್ಮಿದ ಎಣ್ಣೆ ಇನ್ನೊಂದನ್ನ ತಿರುಗಿಸುತ್ತೆ. ಟಾರ್ಕ್ ಕನ್ವರ್ಟರ್ ಅಂದರೆ ಅದೇ. ಕಾಲು ತೆಗೆದಾಗ ಚಕ್ರವೇ ವಾಪಸ್ಸು ಇಂಜಿನ್ನನ್ನ ಎಳೀಬೇಕು. ಆ ಎಳೆತ ಎಣ್ಣೆಯಲ್ಲಿ ಜಾರಿಹೋಗುತ್ತೆ. ಮೇಲಿನ ಗೇರಿನಲ್ಲಂತೂ ಉಳಿಯೋದು ಚೂರು. ಕೆಳಗಿನ ಗೇರಿಗೆ ಹಾಕಿದರೆ ಇಂಜಿನ್ನು ಜೋರಾಗಿ ತಿರುಗಲೇಬೇಕು, ಆಗ ಹಿಡಿತ ಬರುತ್ತೆ. ಆಮೇಲಿನ ಕಾರುಗಳಲ್ಲಿ ಓಟದ ಮಧ್ಯೆ ಆ ಎರಡನ್ನೂ ಕಚ್ಚಿ ಹಿಡಿಯುವ ಲಾಕ್-ಅಪ್ ಕ್ಲಚ್ಚು ಬಂತು, ಕಾಲು ತೆಗೆದ ಕೂಡಲೇ ಇಂಧನವನ್ನೂ ನಿಲ್ಲಿಸತೊಡಗಿದರು. ಹಳೇದರಿಂದ ಹೊಸದಕ್ಕೆ ಹತ್ತಿದವರ ಕಾಲು ತಬ್ಬಿಬ್ಬಾಗೋದು ಇದಕ್ಕೇ.

1930ರಲ್ಲೇ ಅಮೆರಿಕದ ಸ್ಟುಡಿಬೇಕರ್ ಕಂಪನಿ 'ಫ್ರೀ ವೀಲಿಂಗ್' ಅಂತ ತಂದಿತ್ತು. ತುಳಿಯೋದು ಬಿಟ್ಟ ಸೈಕಲ್ಲು ಟಿಕ್ ಟಿಕ್ ಅಂತ ಓಡ್ತದಲ್ಲ, ಹಾಗೆ. ಮರುವರ್ಷ ಲಿಂಕನ್ನಿನಂಥ ಸಿರಿವಂತರ ಕಾರಿಗೂ ಅದು ಬಂತು. ಸಪಾಟು ರಸ್ತೆಯಲ್ಲಿ ಸೊಗಸು. ಗುಡ್ಡ ಇಳಿಯುವಾಗ ಮಾತ್ರ ಇಡೀ ಭಾರ ಬ್ರೇಕಿನ ತಲೆಗೆ.

ನಾವು ಓದಿದ ಪುಸ್ತಕಗಳೆಲ್ಲ ಈ ತೇಲುವ ಓಟವನ್ನ ಹೊಗಳುತ್ತವೆ. ಹೊಗಳಿದವರು ಎಲ್ಲಿ ಕೂತಿದ್ದರೋ. ನಮಗೆ ಕಂಡದ್ದು ಬೇರೆ. ಡ್ರೈವರನ ಕಾಲು ಎದ್ದದ್ದು, ಇಳಿದದ್ದು ಹಿಂದಿನ ಸೀಟಿಗೆ ಗೊತ್ತಾಗಬಾರದು ಅಂತ ಇಂಜಿನ್ನಿನ ಪಾಲಿನ ಕೆಲಸವನ್ನ ಬ್ರೇಕಿಗೆ ದಾಟಿಸಿದ್ದಾರೆ, ಬ್ರೇಕಿನದು ಅಪ್ಪನ ಮೊಣಕಾಲಿಗೆ ಬಂದಿದೆ.

ಪುಸ್ತಕ ಓದಿದ ಮೇಲಿನ ಮೊದಲ ಟ್ರಿಪ್ಪಿನಲ್ಲೂ ನಾವಿದ್ದೆವು. ಘಾಟಿ ಶುರುವಾಗುತ್ತಲೇ ಅಪ್ಪ ಕಡ್ಡಿಯನ್ನ ಕೆಳಗೆ ಎಳೆದ. ಇಂಜಿನ್ನು ಗುರ್ ಅಂದಿತು, ಕಾರು ಹಿಡ್ಕೊಂಡಿತು, ಕಾಲು ಬ್ರೇಕಿನ ಮೇಲೆ ಸುಮ್ಮನೆ ಇತ್ತು. ಹಿಂದಿನಿಂದ ಸಾಹುಕಾರರು, 'ಏನೋ ಇದು ಗಲಾಟೆ? ಮೊದ್ಲಿನ ಥರ ಬಿಡೋ' ಅಂದರು.

'ಇಳಿಜಾರು ಮುಗೀಲಿ ಸಾಹುಕಾರ್ರೆ' ಅಂದ ಅಪ್ಪ. ಕಡ್ಡಿಯ ಮೇಲಿನ ಕೈ ತೆಗೀಲಿಲ್ಲ. ನಮಗೆ ಗೊತ್ತಿರುವ ಹಾಗೆ ಅವರಿಗೆ ಅಪ್ಪ ಎದುರಾಡಿದ್ದು ಅದೇ ಮೊದಲು. ಉಜಿರೆ ಬರೋ ತನಕ ಯಾರೂ ಮಾತಾಡಲಿಲ್ಲ.

ಈಗ ಆ ಕಾರು ಟಾರ್ಪಾಲು ಹೊದ್ದು ಶೆಡ್ಡಿನಲ್ಲಿದೆ. ಅಪ್ಪನಿಗೆ ಮಂಡಿನೋವು, ಕೆಲಸ ಬಿಟ್ಟಾಯಿತು. 2024ರಲ್ಲಿ ಬೆಂಗಳೂರಿಗೆ ತೋರಿಸೋಕೆ ಕರಕೊಂಡು ಹೋದಾಗ ದೊಡ್ಡಪ್ಪನ ಮಗ ತನ್ನ ಕರೆಂಟ್ ಟ್ಯಾಕ್ಸಿ ತಂದ. ಅದರಲ್ಲಿ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ಗಾಡಿಯನ್ನ ಹಿಡಿದು ನಿಧಾನ ಮಾಡುತ್ತೆ, ಬ್ಯಾಟರಿಗೂ ಒಂದಿಷ್ಟು ವಾಪಸ್ ತುಂಬುತ್ತೆ. 'ಬ್ರೇಕ್ ಮುಟ್ಟೋದೇ ಅಪರೂಪ ಚಿಕ್ಕಪ್ಪ' ಅಂತ ಅವನು ಖುಷಿಯಲ್ಲಿ ಹೇಳ್ತಿದ್ದ. ಅಪ್ಪ ಪಕ್ಕದ ಸೀಟಿನಲ್ಲಿ ಹೂಂಗುಟ್ಟುತ್ತಿದ್ದ. ಸಿಗ್ನಲ್ ಬಂದಾಗಲೆಲ್ಲ ಅವನ ಬಲಗಾಲು ಮಾತ್ರ ಮುಂದೆ ಚಾಚಿ, ಏನೂ ಇಲ್ಲದ ಕಡೆ ಮ್ಯಾಟನ್ನ ತುಳೀತಾ ಇತ್ತು.