ಉಪವಾಸದ ಊರಿಗೆ ಊಟದ ಪ್ರವಾಸ

ಅಡಿಸ್ ಅಬಾಬಾ ನಗರಕ್ಕೊಂದು ಕಿರುಪ್ರವಾಸವನ್ನು ಹೊಂದಿಸಲು ಕುಳಿತು, ನ್ಯೂಜೆರ್ಸಿಯ ಶಾಲೆಗಳ ರಜಾಪಟ್ಟಿಯ ಮಗ್ಗುಲಲ್ಲಿ ಇಥಿಯೋಪಿಯದ ಪಂಚಾಂಗವನ್ನಿರಿಸಿ ನೋಡಿದಾಗ, ನಮ್ಮ ಮಕ್ಕಳ ಡಿಸೆಂಬರ್ ರಜೆಯು ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ 43 ದಿನಗಳ ವ್ರತದೊಳಗೇ ಬಿದ್ದಿರುವುದನ್ನು ಕಂಡು ಸಸ್ಯಾಹಾರಿಯಾದ ನನಗಾದ ಸಂತೋಷ ಅಷ್ಟಿಷ್ಟಲ್ಲ. ನವೆಂಬರ್ 25ರ ಸುಮಾರಿಗೆ ತೊಡಗಿ ಜನವರಿ 7ರ ಅವರ ಕ್ರಿಸ್ತಜಯಂತಿಯವರೆಗೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳೆಲ್ಲವೂ ವರ್ಜ್ಯ. ಆದುದರಿಂದ ಬೀದಿಬದಿಯ ಸಾಮಾನ್ಯ ಭೋಜನಾಲಯದಲ್ಲಿಯೂ, ಸೆಟ್ ದೋಸೆಯಂತೆ ರಂಧ್ರಮಯವಾದ ಅಗಲವಾದ ಇಂಜೆರದ ಮೇಲೆ ಬೆರ್ಬೆರೆ ಎಂಬ ಖಾರದ ಪುಡಿ ಹಾಕಿದ ಮಸೂರಬೇಳೆ, ಅರಿಸಿನದ ಬಟಾಣಿಬೇಳೆ, ಕಡಲೆಹಿಟ್ಟಿನ ಶಿರೊ, ಬೆಂದ ಸೊಪ್ಪುಗಳನ್ನು ಬಡಿಸಿದ, ಬೆಯಾಯ್ನೆತು ಎಂಬ ಊಟ ದೊರೆಯುತ್ತದೆ.

ವ್ರತಕಾಲವಲ್ಲದ ತಿಂಗಳಿನಲ್ಲಿ ಹೋಗಬೇಕಾದವರು ಮಂಗಳವಾರ ಇಳಿದು ಶನಿವಾರ ಹೊರಡುವಂತೆ ಟಿಕೇಟು ಕೊಳ್ಳತಕ್ಕದ್ದು. ಬುಧವಾರ, ಶುಕ್ರವಾರಗಳೆರಡೂ ಅಲ್ಲಿ ವ್ರತದ ದಿನಗಳು. ಈಸ್ಟರ್ ಕಳೆದ ಐವತ್ತು ದಿನಗಳಲ್ಲಿ ಮಾತ್ರ ಈ ವಾರವ್ರತವೂ ಇಲ್ಲವಾದುದರಿಂದ, ವಸಂತದ ಅಗ್ಗದ ಟಿಕೇಟಿಗೆ ನಾನು ಮರುಳಾಗಲಾರೆ.

ಇಷ್ಟನ್ನೂ ನ್ಯೂಜೆರ್ಸಿಯ ಎಡಿಸನ್ ಊರಿನ ಮಿತ್ರರಿಗೆ ವಿವರಿಸಿದ ಮೇಲೂ, "ಅದೆಲ್ಲ ಸರಿ, ನಮ್ಮಂಥೋರಿಗೆ ಅಲ್ಲಿ ತಿನ್ನೋದಕ್ಕೆ ಏನ್ರೀ ಸಿಗುತ್ತೆ?" ಎಂಬ ಪ್ರಶ್ನೆಯೇ ಬರುವುದಲ್ಲದೆ, ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಅವಲಕ್ಕಿ, ಚಟ್ನಿಪುಡಿ, ಬಿಸಿಬೇಳೆಭಾತಿನ ಪೊಟ್ಟಣಗಳನ್ನು ಕೊಂಡು ಪೆಟ್ಟಿಗೆ ತುಂಬುವ ಸಿದ್ಧತೆಯೂ ಆರಂಭವಾಗುತ್ತದೆ. ಬ್ರೂಕ್ಲಿನ್ನಿನ ಬುಷ್‌ವಿಕ್‌ನಲ್ಲಿ ಬುನ್ನಾ ಕೆಫೆ ಎಂಬ ಇಥಿಯೋಪಿಯನ್ ಭೋಜನಾಲಯವಿದೆ, ಅಲ್ಲಿ ಸಸ್ಯಾಹಾರದ ಹೊರತು ಬೇರೇನನ್ನೂ ಬೇಯಿಸರು, ಮೊದಲು ಅಲ್ಲಿ ನಾಲಗೆಯನ್ನು ಪಳಗಿಸಿಕೊಳ್ಳಿರೆಂದರೆ ಹಡ್ಸನ್ ನದಿ ದಾಟಲು ಪುರಸತ್ತಿಲ್ಲವೆನ್ನುತ್ತಾರೆ! ವರ್ಷದಲ್ಲಿ ಸುಮಾರು 180 ದಿನ ವ್ರತವನ್ನಾಚರಿಸಿ, ಬೇಳೆ ಸೊಪ್ಪುಗಳಿಂದಲೇ ಇಷ್ಟು ರುಚಿಗಳನ್ನು ಶತಮಾನಗಳ ಕಾಲ ಸಾಧಿಸಿಕೊಂಡು ಬಂದ ಜನರ ಊರಿನಲ್ಲಿ ಕುದಿನೀರು ಬೇಡಿ ಪೊಟ್ಟಣ ಬಿಚ್ಚುವುದು ಆತಿಥ್ಯಕ್ಕೆ ಎಸಗುವ ಅಪಚಾರವೆಂದೇ ನನ್ನ ದೃಢವಾದ ಮತ; ಅಂಥವರೊಡನೆ ಪ್ರವಾಸ ಹೋಗಲು ನಾನು ಒಪ್ಪುವುದಿಲ್ಲ.

ಪೂರ್ವಾಹ್ನವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, 1974ರಲ್ಲಿ ಹದಾರ್‌ನಲ್ಲಿ ದೊರೆತ, 32 ಲಕ್ಷ ವರ್ಷಗಳ ಹಿಂದಿನ ಲೂಸಿ ಎಂಬ ಆದಿಮಾನವ ಹೆಣ್ಣಿನ ಅಸ್ಥಿಗಳ ಪ್ರತಿಕೃತಿಯನ್ನು ನೋಡಬಹುದು. ಆಫ್ರಿಕಾ ಹಾಲ್‌ನಲ್ಲಿ ಅಫೆವರ್ಕ್ ಟೆಕ್ಲೆಯವರ ವರ್ಣಗಾಜಿನ ಚಿತ್ರಗಳಿವೆ. ಆದರೆ ನನ್ನ ಮನಸ್ಸೆಲ್ಲ ಕಾಫಿಯ ಮೇಲೆ. ಹಸಿಬೀಜವನ್ನು ತೊಳೆದು, ಅತಿಥಿಗಳೆದುರಿಗೇ ಹುರಿದು, ಹೊಗೆಯ ಪರಿಮಳವನ್ನು ಒಬ್ಬೊಬ್ಬರ ಬಳಿಗೂ ಒಯ್ದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅದೇ ಪುಡಿಯಿಂದ ಅಬೊಲ್, ತೊನಾ, ಬರಕಾ ಎಂದು ಮೂರಾವರ್ತಿ ಕೊಡುವ ಈ ವಿಧಿಗೆ, ಪ್ರವಾಸಪಟ್ಟಿಗಳಲ್ಲಿ ಅರ್ಧ ಗಂಟೆಯನ್ನು ಮೀಸಲಿಡುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ. ಮೊದಲ ಬಟ್ಟಲಿಗೇ ಎದ್ದು ಹೋಗುವುದಾದರೆ ಹೋಗುವುದಾದರೂ ಏಕೆ? ಆದುದರಿಂದ ಮೆರ್ಕಾಟೊ ಮಾರುಕಟ್ಟೆಯನ್ನು ಬಿಟ್ಟು ಒಂದು ಇಡೀ ಅಪರಾಹ್ನವನ್ನು ಕಾಫಿಗೆ ಕೊಟ್ಟಿದ್ದೇನೆ. ಅಲ್ಲಿಯವರು ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರಾದುದರಿಂದ, ಒಂಬತ್ತು ಗಂಟೆಗೆ ಬನ್ನಿರೆಂದು ಕರೆದವರ ಮನೆಗೆ ನಮ್ಮ ಮೂರು ಗಂಟೆಗೆ ಹೋಗತಕ್ಕದ್ದು.